ಸುಟ್ಟದ್ದು ತಿಳಿಯದ ಕೈ

ಮಲ್ಲತ್ತಹಳ್ಳಿ
೧೨ ಆಗಸ್ಟ್ ೨೦೨೩

ಅತ್ತಿಗೆ ಗಂಗಲಕ್ಷ್ಮಮ್ಮನವರಿಗೆ ರಾಮಮ್ಮ ಬರೆಯುವುದು.

ಈ ಕಾಲದಲ್ಲಿ ಕಾಗದವೇ ಅಂತ ನಗಬೇಡಿ. ಹೋದ ವರ್ಷ ಗೌರಿ ಹಬ್ಬದ ದಿನ ನನ್ನ ನಡುಮನೆಯಲ್ಲೇ ನಿಂತು, "ನಿನ್ ಬಾಯಿಗೆ ಹೆದ್ರೇ ಕಣೇ ನಿನ್ ಗಂಡ ಬೇಗ ಹೊಂಟೋಗಿದ್ದು" ಅಂದಿರಿ. ಆವತ್ತು ದೇವರ ದೀಪ ಮುಟ್ಟಿ ಹೇಳಿದ್ದೇನೆ, ನಿಮ್ಮ ಹತ್ತಿರ ಇನ್ನು ಬಾಯಿ ಬಿಟ್ಟು ಮಾತಾಡುವುದಿಲ್ಲ ಅಂತ. ಫೋನಿನಲ್ಲಾದರೂ ಬಾಯಿಂದಲೇ ಆಡಬೇಕು. ಅಣ್ಣನ ಫೋನಿಗೆ ಮೆಸೇಜು ಹಾಕಿದರೆ ಅವನು ನಿಮಗೆ ಓದಿ ಹೇಳುವಾಗ ಅರ್ಧ ನುಂಗುತ್ತಾನೆ. ಬರೆಯುವುದಕ್ಕೆ ಆಣೆ ಇಲ್ಲ. ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದು ಇದಕ್ಕಾದರೂ ಬಂತು.

ನಿಮ್ಮ ಮಗಳು ಬಿಂದುಶ್ರೀ ನನ್ನ ಸೊಸೆಯಾಗಿ ಬಂದು ಹದಿನೈದು ತಿಂಗಳು. ಒಡಹುಟ್ಟಿದ ಅಣ್ಣನ ಮಗಳು, ನನ್ನ ಶಶಿಗೆ ಹೊರಗಿನವಳನ್ನು ಏಕೆ ತರಲಿ ಅಂತ ತಂದುಕೊಂಡೆ. ಈಗ ಕೇಳಿ. ಕೈಗೆ ಕೊಟ್ಟ ಪಾತ್ರೆ ನಿಲ್ಲುವುದಿಲ್ಲ. ನೀರು ಕುಡಿದರೆ ನೆತ್ತಿಗೇರುತ್ತದೆ. ಕೆಮ್ಮು ಬಂದರೆ ಹಿಂದಲೆ ಹಿಡಿದುಕೊಂಡು ಗೋಡೆಗೆ ಒರಗುತ್ತಾಳೆ. ಕೆರೆ ಏರಿಯ ಮೇಲೆ ನಡೆದು ಬರುವಾಗ ತೂರಾಡಿದಳು ಅಂತ ಎದುರು ಮನೆಯ ಹನುಮಂತಯ್ಯ, "ಏನಮ್ಮಾ, ನಿಮ್ ಸೊಸೆ ಏನಾದ್ರೂ ತಗೊಂಡಿತ್ತಾ?" ಅಂತ ನನ್ನನ್ನೇ ಕೇಳಿದ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ತೋರಿಸಿಲ್ಲ ಅನ್ನಬೇಡಿ. ಕಣ್ಣಿನವರು ಕನ್ನಡಕ ಕೊಟ್ಟರು. ರಾಜಾಜಿನಗರದಲ್ಲಿ ಒಬ್ಬರು ಗ್ಯಾಸ್ಟ್ರಿಕ್ ಅಂದರು. ಇನ್ನೊಬ್ಬರು ಕಿವಿಯ ತೊಂದರೆ ಅಂದರು, ಮತ್ತೊಬ್ಬರು ರಕ್ತ ಕಮ್ಮಿ ಅಂತ ಹತ್ತು ಇಂಜೆಕ್ಷನ್ ಚುಚ್ಚಿದರು. ವಿಜಯನಗರದಲ್ಲಿ ತಲೆಯ ಸ್ಕ್ಯಾನ್ ಆಯಿತು. ಏನೂ ಇಲ್ಲ. "ಮನಸ್ಸಿಗೆ ಏನಾದ್ರೂ ಬೇಜಾರಿದ್ಯಾ, ವಿಚಾರಿಸಿ ನೋಡಿ" ಅಂದರು. ನನಗೆ ತಿಳಿಯದ ಬೇಜಾರೇ ಅದು? ಕೆಲಸ ಮಾಡುವುದಕ್ಕೆ ಬೇಜಾರು.

ಇದು ಹಿಂದಿನಿಂದ ಇದ್ದದ್ದೋ, ಇಲ್ಲಿ ಬಂದು ಕಲಿತ ನಾಟಕವೋ? ಮನೆದೇವರ ಮೇಲೆ ಪ್ರಮಾಣ ಮಾಡಿ ಬರೆಯಿರಿ.

ರಾಮಮ್ಮ


ಕಲ್ಲುಬಾವಿಪಾಳ್ಯ, ಕುಣಿಗಲ್ ತಾಲ್ಲೂಕು
೨೪ ಆಗಸ್ಟ್ ೨೦೨೩

ರಾಮಮ್ಮನಿಗೆ,

ನಿನ್ನ ಕಾಗದ ತಲುಪಿತು. ಹಸು ಕೊಳ್ಳುವವರು ಕೊಳ್ಳುವ ಮುಂಚೆ ಸುಳಿ ನೋಡುತ್ತಾರೆ. ನೀನು ಹದಿನೈದು ತಿಂಗಳು ದುಡಿಸಿಕೊಂಡು ಈಗ ನೋಡುತ್ತಿದ್ದೀಯ.

ನನ್ನ ಮಗಳು ಇಲ್ಲಿದ್ದಾಗ ಬೆಳಗ್ಗೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹಿಡಿದು ಹೋಗಿ ಬಿ.ಕಾಂ. ಮುಗಿಸಿದವಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ಒಂದು ದಿನ ಒಂದು ತೊಟ್ಟು ಚೆಲ್ಲಿದವಳಲ್ಲ. ಅಂಥವಳ ಕೈಯಿಂದ ಪಾತ್ರೆ ಬೀಳುತ್ತದೆ ಅಂದರೆ ಕೊಡುವವರು ಹೇಗೆ ಕೊಡುತ್ತಾರೋ, ಹಿಂದೆ ನಿಂತು ಏನು ಅನ್ನುತ್ತಾರೋ. ಅದು ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ.

ಪ್ರಮಾಣ ಮಾಡು ಅಂದಿದ್ದೀಯ. ಸಾರು ಕುದಿಯಿತೇ ಅಂತ ಕೇಳಿದರೂ ದೀಪ ಮುಟ್ಟುವುದು ನಿನ್ನ ರೂಢಿ. ನಮ್ಮಲ್ಲಿ ಹಾಗಿಲ್ಲ.

ದಸರಾಕ್ಕೆ ಕಳಿಸು. ಹದಿನೈದು ದಿನ ನನ್ನ ಕೈಯ ಮುದ್ದೆ ಉಂಡರೆ ನೆಟ್ಟಗಾಗುತ್ತಾಳೆ.

ಗಂಗಲಕ್ಷ್ಮಮ್ಮ


ಮಲ್ಲತ್ತಹಳ್ಳಿ
೨೮ ನವೆಂಬರ್ ೨೦೨೩

ಅತ್ತಿಗೆಯವರಿಗೆ,

ದಸರಾಕ್ಕೆ ಕಳಿಸಿದೆ, ಹೇಗೆ ಹೋದಳೋ ಹಾಗೇ ಬಂದಳು. ಈಗ ದನಿ ಬೇರೆ ಒಡೆದಿದೆ. ನಿಮ್ಮ ಮುದ್ದೆಯ ಮಹಿಮೆ.

ಅವಳ ಸುಟ್ಟ ಕೈಯ ಫೋಟೋವನ್ನು ಶಶಿ ನಮ್ಮ ಅಣ್ಣನಿಗೆ ಕಳಿಸಿದ್ದಾನಂತೆ, ನನ್ನನ್ನು ಒಂದು ಮಾತು ಕೇಳದೆ. ಗಾಬರಿಯಾಗುವಂಥದ್ದೇನಿಲ್ಲ. ಕಾರ್ತಿಕ ಸೋಮವಾರ ನೈವೇದ್ಯಕ್ಕೆ ವಡೆ ಕರಿಯುವಾಗ ಎಣ್ಣೆ ಹಾರಿತು. ಮುಲಾಮು ಹಚ್ಚಿದ್ದೇವೆ.

ಇನ್ನು ಮುಂದೆ ಅವಳಿಗೆ ಕೆಲಸ ಹೇಳುವುದಿಲ್ಲ. ಬೆಳಗ್ಗೆ ಎದ್ದು ನಾನೇ ಕಾಫಿ ಕೊಡುತ್ತೇನೆ. ಮಾತ್ರೆಗಳನ್ನೆಲ್ಲ ನಿಲ್ಲಿಸಿದ್ದೇನೆ, ಅವು ಅವಳಿಗೆ ಬೇಕಿಲ್ಲ. ನಾನು ಅವಳನ್ನು ಏನೇನೋ ಅಂದುಕೊಂಡಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಅಪ್ಪಣೆ ಆಗಿಲ್ಲ.

ರಾಮಮ್ಮ


ಕಲ್ಲುಬಾವಿಪಾಳ್ಯ
೬ ಡಿಸೆಂಬರ್ ೨೦೨೩

ರಾಮಮ್ಮ,

ಮೂವತ್ತೈದು ವರ್ಷದಿಂದ ವಡೆ, ಕಜ್ಜಾಯ, ಚಕ್ಕುಲಿ ಕರಿದಿದ್ದೇನೆ. ಎಣ್ಣೆ ಹಾರಿದರೆ ಮುಂಗೈಗೆ ಹಾರುತ್ತದೆ, ಮಣಿಕಟ್ಟಿಗೆ ಹಾರುತ್ತದೆ, ಅಲ್ಲೊಂದು ಇಲ್ಲೊಂದು ಚುಕ್ಕೆ ಬೀಳುತ್ತದೆ. ಅಂಗೈಯ ನಟ್ಟನಡುವೆ ದುಂಡಗೆ ಅಚ್ಚೊತ್ತಿದ ಹಾಗೆ ಬೀಳುವುದಿಲ್ಲ. ಫೋಟೋವನ್ನು ನಾನೂ ನೋಡಿದೆ, ನಿನ್ನ ಅಣ್ಣನೂ ನೋಡಿದ. ಅವನು ನಿನ್ನ ಅಣ್ಣನಾದ್ದರಿಂದ ಸುಮ್ಮನಾದ. ನಾನು ಆಗುವುದಿಲ್ಲ.

ಏನು ಮಾಡಿದೆ ನನ್ನ ಮಗಳಿಗೆ? ಕಾಸಿದ ಸೌಟು ಇಟ್ಟೆಯಾ? ಫೋನಿನಲ್ಲಿ ಬಿಂದುವನ್ನು ಕೇಳಿದರೆ, "ಏನಿಲ್ಲ ಬಿಡಮ್ಮ" ಅನ್ನುತ್ತಾಳೆ. ನಿನ್ನ ಮಗ ಮಾತಿಗೆ ಸಿಕ್ಕುವುದಿಲ್ಲ. ಬೈಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಕಾಫಿ ಕೊಡುತ್ತೀಯ ಅಂದರೆ ಅದಕ್ಕೊಂದು ಕಾರಣ ಇರಬೇಕು.

ಇದೇ ತಿಂಗಳು ಇಪ್ಪತ್ತರೊಳಗೆ ಉತ್ತರ ಬರಬೇಕು. ಇಲ್ಲದಿದ್ದರೆ ನಿಮ್ಮ ಠಾಣೆಗೆ ಬರುತ್ತೇನೆ, ಈ ಕಾಗದಗಳನ್ನೂ ತರುತ್ತೇನೆ. ನೀನು ಮಾತು ಬಿಟ್ಟರೂ ಪೊಲೀಸಿನವರು ಬಿಡಿಸುತ್ತಾರೆ.

ಗಂಗಲಕ್ಷ್ಮಮ್ಮ


ಮಲ್ಲತ್ತಹಳ್ಳಿ
೧೪ ಡಿಸೆಂಬರ್ ೨೦೨೩

ಅತ್ತಿಗೆಯವರಿಗೆ,

ಪೊಲೀಸರಿಗೆ ಹೆದರಿ ಬರೆಯುತ್ತಿಲ್ಲ. ಸುಳ್ಳು ಬರೆದೆನಲ್ಲ ಅಂತ ದೇವರ ಮುಂದೆ ಕೂತರೆ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೆ.

ಎಣ್ಣೆಯಲ್ಲ, ಕರ್ಪೂರ.

ಕಾರ್ತಿಕದ ಮೊದಲ ಸೋಮವಾರ. ಅಭಿಷೇಕಕ್ಕೆ ಇಟ್ಟಿದ್ದ ಹಾಲಿನ ತಂಬಿಗೆಯನ್ನು ಬಿಂದು ಕೈಬಿಟ್ಟಳು. ದೇವರ ಮನೆಯೆಲ್ಲ ಹಾಲು. ನನಗೆ ಕೋಪ ನೆತ್ತಿಗೇರಿತು. "ನಾಟ್ಕ ಅಲ್ಲ ಅಂದ್ರೆ ಅಂಗೈಲಿ ಕರ್ಪೂರ ಹಚ್ಕೊಂಡು ದೇವ್ರ ಮುಂದೆ ಹೇಳು" ಅಂದೆ. ನಮ್ಮಲ್ಲಿ ಇದು ಹೊಸದಲ್ಲ, ನಿಮಗೂ ಗೊತ್ತು. ಸುಳ್ಳು ಹೇಳುವವಳು ಬಿಸಿ ತಾಕುವ ಮುಂಚೆಯೇ ಕೈ ಕೊಡವುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಅಂದುಕೊಂಡೆ.

ಅವಳು ಕೈ ಚಾಚಿದಳು. ನಾನೇ ಹಚ್ಚಿದೆ. "ನಂದು ನಾಟ್ಕ ಅಲ್ಲ" ಅಂದಳು. ಕೈ ತೆಗೆಯಲಿಲ್ಲ. ಮುಖ ಕಿವುಚಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮುಖ ನೋಡಿ, "ಇನ್ನೂ ಎಷ್ಟೊತ್ತು ಹಿಡ್ಕೊಂಡಿರ್ಲಿ ಅತ್ತೆ?" ಅಂತ ಕೇಳಿದಳು. ಬೀದಿಯಲ್ಲಿ ಟಾರ್ಚು ಹಿಡಿದುಕೊಂಡು ನಿಂತವರು ಕೇಳುವ ಹಾಗೆ. ಚರ್ಮ ಸುಟ್ಟ ವಾಸನೆ ಬರುತ್ತಿತ್ತು. ಶಶಿ ಓಡಿ ಬಂದು ಕರ್ಪೂರವನ್ನು ಹೊಡೆದು ಬೀಳಿಸಿದ.

ಅತ್ತಿಗೆ, ಬೆಂಕಿ ಉರಿದರೂ ನೋವಾಗಲಿಲ್ಲ ಅಂದರೆ ಏನರ್ಥ? ನಾನು ಅಲ್ಲೇ ಅವಳ ಕಾಲಿಗೆ ಬಿದ್ದೆ. ಗುಡಿಯ ಪೂಜಾರಿ ಮಹದೇವ್ ಬಂದು ನೋಡಿ, "ಅಮ್ಮ ಬಂದಿದ್ದಾಳೆ, ಅದಕ್ಕೇ ತಲೆ ಭಾರ, ಅದಕ್ಕೇ ತೂರಾಟ. ಮಾತ್ರೆ ಕೊಟ್ಟು ಅವಮಾನ ಮಾಡ್ಬೇಡಿ" ಅಂದರು. ಶುಕ್ರವಾರ ಅವಳನ್ನು ಮಣೆಯ ಮೇಲೆ ಕೂರಿಸುತ್ತೇನೆ, ಬೀದಿಯವರು ಬಂದು ಅವಳ ಕೈಯಿಂದ ಕುಂಕುಮ ತೆಗೆದುಕೊಂಡು ಹೋಗುತ್ತಾರೆ. ಹನುಮಂತಯ್ಯನೂ ಬಂದು ಕೈಮುಗಿದು ಹೋದ. ಶಶಿ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ.

ನಿಮ್ಮ ಹೊಟ್ಟೆಯಲ್ಲಿ ಅಂಥದ್ದು ಹುಟ್ಟಿದೆ. ನೀವು ಠಾಣೆಗೆ ಹೋಗುವ ಮಾತಾಡುತ್ತೀರಿ.

ರಾಮಮ್ಮ


ಕಲ್ಲುಬಾವಿಪಾಳ್ಯ
೨೦ ಡಿಸೆಂಬರ್ ೨೦೨೩

ರಾಮಮ್ಮ,

ಅಮ್ಮನೂ ಅಲ್ಲ, ಅಜ್ಜಿಯೂ ಅಲ್ಲ ಕಣೇ. ನಿನ್ನ ತಲೆ. ನನ್ನ ಮಗಳ ಕೈ ಸುಟ್ಟು, ಮೇಲೆ ಅರಿಶಿನ ಕುಂಕುಮ ಹಚ್ಚಿ ಬೀದಿಯವರ ಮುಂದೆ ಕೂರಿಸಿದ್ದೀಯ. ಬೆಂಕಿ ಹಚ್ಚುವವಳಿಗೆ ಒಂದು ಗಳಿಗೆ ಕೈ ನಡುಗಲಿಲ್ಲವೇ? ಅವಳು ನಿನ್ನ ಅಣ್ಣನ ರಕ್ತ.

ಆ ಕೈಗೆ ಬಿಸಿ ತಿಳಿಯದಿರುವುದು ಇವತ್ತಿನದಲ್ಲ. ಒಂಬತ್ತು ವರ್ಷದವಳಿದ್ದಾಗಲೇ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಳು. ಗಟ್ಟಿಗಿತ್ತಿ ಅಂತ ನಾವೆಲ್ಲ ನಗುತ್ತಿದ್ದೆವು. ನಿನ್ನ ಅಣ್ಣ ಬಂದವರಿಗೆಲ್ಲ ಮಾಡಿಸಿ ತೋರಿಸುತ್ತಿದ್ದ. ಆಗ ಅವಳಲ್ಲಿ ಯಾವ ಅಮ್ಮ ಇದ್ದಳು?

ಇಲ್ಲಿಯವರೆಗೆ ಬಂದೆ, ಇನ್ನು ಮುಚ್ಚಿ ಏನು. ಹನ್ನೊಂದನೇ ವಯಸ್ಸಿನಲ್ಲಿ ಶಾಲೆಯ ಪ್ರಾರ್ಥನೆಗೆ ನಿಂತಿದ್ದಾಗ ಬಿದ್ದಳು. ಕೆಮ್ಮಿದರೆ ಹಿಂದಲೆ ಸಿಡಿಯುತ್ತದೆ ಅನ್ನುತ್ತಿದ್ದಳು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನೋಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ತಲೆ, ಕುತ್ತಿಗೆ ಎರಡರದ್ದೂ ದೊಡ್ಡ ಸ್ಕ್ಯಾನ್ ಮಾಡಿಸಿ ಅಂತ ಚೀಟಿ ಬರೆದುಕೊಟ್ಟರು. ನಾವು ಹೋಗಲಿಲ್ಲ. ಹುಡುಗಿಗೆ ಮೂರ್ಛೆರೋಗ ಅಂತ ಒಬ್ಬರ ಬಾಯಿಗೆ ಬಿದ್ದರೆ ಸಾಕು, ಆಮೇಲೆ ಯಾರು ಮಾಡಿಕೊಳ್ಳುತ್ತಾರೆ? ಚೀಟಿಯನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟವಳು ನಾನೇ. ಹೊರಗಿನ ಸಂಬಂಧ ಬಂದರೆ ಹತ್ತು ಕಡೆ ವಿಚಾರಿಸುತ್ತಾರೆ, ನೀನಾದರೆ ಅಣ್ಣನ ಮಗಳು ಅಂತ ಏನೂ ಕೇಳುವುದಿಲ್ಲ ಅಂತ ನಿನಗೆ ಕೊಟ್ಟೆವು. ತಿಳಿಯಿತೇ? ನಿನ್ನ ಮೇಲಿನ ಪ್ರೀತಿಗಲ್ಲ.

ಅವಳನ್ನು ಆ ಮಣೆಯಿಂದ ಎಬ್ಬಿಸು. ನಿನ್ನ ಕರ್ಪೂರದ ಕಾಗದವನ್ನೂ ನನ್ನ ಈ ಕಾಗದವನ್ನೂ ಶಶಿಯ ಕೈಯಲ್ಲಿ ಕೊಟ್ಟು ಯಾರಾದರೂ ನರದ ಡಾಕ್ಟರಿಗೆ ತೋರಿಸು. ನಿನ್ನ ಆ ಕಾಗದವನ್ನೂ ಡಾಕ್ಟರ ಚೀಟಿಯನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನ ಮಾನ ಹೋದರೆ ಹೋಗಲಿ. ನಿನ್ನದನ್ನೂ ಜೊತೆಗೆ ಕರೆದುಕೊಂಡೇ ಹೋಗುತ್ತದೆ.

ಗಂಗಲಕ್ಷ್ಮಮ್ಮ


ಮಲ್ಲತ್ತಹಳ್ಳಿ
೮ ಜನವರಿ ೨೦೨೪

ಅತ್ತಿಗೆಯವರಿಗೆ,

ನಿಮ್ಮ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿಗೆ. ಮಾರನೆಯ ದಿನ ಅವಳನ್ನು ಮಣೆಯಿಂದ ಎಬ್ಬಿಸಿಕೊಂಡು ಹೊರಟೆ.

ಬಸವೇಶ್ವರನಗರದಲ್ಲಿ ಸೋಮಲಿಂಗಪ್ಪ ಅಂತ ನರದ ಡಾಕ್ಟರು, ವಯಸ್ಸಾದವರು. ಶಶಿ ಎರಡೂ ಕಾಗದ, ಹಳೆಯ ಚೀಟಿ ಮೇಜಿನ ಮೇಲಿಟ್ಟ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಓದಿದರು, ನಿಮ್ಮ ಬೈಗುಳವನ್ನೂ ಬಿಡಲಿಲ್ಲ. ಆಮೇಲೆ ಒಂದು ಗಾಜಿನ ಕೊಳವೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು ತರಿಸಿ, ಬಿಂದುವಿಗೆ ಕಣ್ಣು ಮುಚ್ಚಿಸಿ, ತೋಳಿಗೆ ಒಂದೊಂದಾಗಿ ತಾಗಿಸಿದರು. "ಯಾವ್ದಮ್ಮಾ ಬಿಸಿ?" ಅವಳಿಗೆ ಹೇಳಲಾಗಲಿಲ್ಲ. ಹತ್ತಿ ಸೋಕಿಸಿದರೆ ಮಾತ್ರ, "ಹ್ಞಾ, ಇಲ್ಲಿ" ಅಂದಳು. ಮುಟ್ಟಿದ್ದು ತಿಳಿಯುತ್ತದೆ, ಸುಟ್ಟದ್ದು ತಿಳಿಯುವುದಿಲ್ಲ.

ಕುತ್ತಿಗೆಯೂ ಸೇರಿದ ದೊಡ್ಡ ಸ್ಕ್ಯಾನ್ ಆಯಿತು. ವಿಜಯನಗರದಲ್ಲಿ ಮಾಡಿಸಿದ್ದು ಬೇರೆ ತರಹದ್ದು, ಅಷ್ಟು ಕೆಳಗಿನದು ಅದರಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ತಲೆಬುರುಡೆಯ ತಳದಲ್ಲಿ ಒಂದು ತೂತು, ಬೆನ್ನುಹುರಿ ಅಲ್ಲಿಂದ ಕೆಳಗಿಳಿಯುತ್ತದೆ. ಹಿಂದಲೆಯಲ್ಲಿ ಚಿಕ್ಕ ಮೆದುಳು ಅಂತ ಒಂದಿದೆ. ಇವಳಿಗೆ ಅದರ ತುದಿ ಆ ತೂತಿನೊಳಕ್ಕೆ ಜಾರಿ ಕುಳಿತಿದೆ. ಹುಟ್ಟುವಾಗಲೇ ಆ ಜಾಗ ಇಕ್ಕಟ್ಟು. ಸಿಂಕಿನ ಬಾಯಿಗೆ ಅನ್ನ ಕಟ್ಟಿಕೊಂಡ ಹಾಗೆ. ಮೆದುಳಿನ ನೀರು ಹರಿಯಲು ದಾರಿ ಸಾಲದೆ ಬೆನ್ನುಹುರಿಯ ಒಳಗೆ ಸೇರಿ ಪೊಳ್ಳು ಮಾಡಿದೆ. ನೋವು, ಬಿಸಿ ತಿಳಿಸುವ ನರಗಳು ಆ ಪೊಳ್ಳಿರುವ ಕಡೆಯಲ್ಲೇ ಹಾದು ಹೋಗುತ್ತವಂತೆ. ಕೆಮ್ಮಿದರೆ ತಲೆ ಸಿಡಿಯುವುದು, ತೂರಾಟ, ನೀರು ನೆತ್ತಿಗೇರುವುದು, ಪಾತ್ರೆ ಬೀಳುವುದು, ಎಲ್ಲ ಆ ಒಂದೇ ಇಕ್ಕಟ್ಟಿನಿಂದ. ಕಿಯಾರಿ ಅಂತ ಹೆಸರು. ಇದು ಮೂರ್ಛೆರೋಗವೂ ಅಲ್ಲ, ನಾಟಕವೂ ಅಲ್ಲ.

"ಕರ್ಪೂರ ಹಚ್ಚಿದ್ದು ಯಾರು?" ಅಂತ ಕೇಳಿದರು. ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ. "ಇನ್ನೊಂದ್ಸಲ ಹಚ್ಚಿದ್ರೆ ಪೊಲೀಸ್‌ಗೆ ನಾನೇ ಫೋನ್ ಮಾಡ್ತೀನಿ. ಆದ್ರೆ ಬರೆದು ತಂದ್ರಲ್ಲ, ಅಷ್ಟು ಒಳ್ಳೇದಾಯ್ತು" ಅಂದರು. ಚೀಟಿಯ ತಾರೀಕು ನೋಡಿ, "ಇದನ್ನ ಇಟ್ಕೊಂಡಿದ್ದೋರು ಯಾರು?" ಅಂದರು. ನೀವು ಅಲ್ಲಿರಲಿಲ್ಲ. ನಾನೇ ಹೇಳಿದೆ, ಸಂತೋಷದಿಂದ ಹೇಳಿದೆ.

ಹಿಂದಲೆಯ ಮೂಳೆ ಸ್ವಲ್ಪ ತೆಗೆದು ಜಾಗ ಮಾಡಬೇಕಂತೆ. ಹಾಗೇ ಬಿಟ್ಟರೆ ನುಂಗುವುದಕ್ಕೆ, ಉಸಿರಿಗೆ ಕುತ್ತು ಬರುತ್ತದೆ. ಈಗಾಗಲೇ ಹೋದದ್ದು ವಾಪಸು ಬರುತ್ತದೆಂದು ಹೇಳಲಾಗುವುದಿಲ್ಲ ಅಂದರು. ಫೆಬ್ರವರಿ ಏಳಕ್ಕೆ ದಿನ ಕೊಟ್ಟಿದ್ದಾರೆ.

ಮಾತ್ರೆ ನಿಲ್ಲಿಸಿ ಮಣೆಯ ಮೇಲೆ ಕೂರಿಸಿದ್ದು ನನ್ನ ತಪ್ಪು. ಆದರೆ ಲೆಕ್ಕ ಹಾಕಿ ನೋಡಿ ಅತ್ತಿಗೆ. ನನ್ನದು ಐದು ವಾರ. ನಿಮ್ಮದು ಹದಿನಾಲ್ಕು ವರ್ಷ.

ರಾಮಮ್ಮ


ಕಲ್ಲುಬಾವಿಪಾಳ್ಯ
೧೬ ಜನವರಿ ೨೦೨೪

ರಾಮಮ್ಮ,

ಹದಿನಾಲ್ಕು ವರ್ಷ ಅಂತ ನೀನು ಬರೆಯಬೇಕಿರಲಿಲ್ಲ. ನನಗೆ ಎಣಿಸಲು ಬರುತ್ತದೆ. ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ, ಟ್ರಂಕಿನ ಮುಂದೆ ಕೂತಿದ್ದೆ.

ಏಳಕ್ಕೆ ಬರುತ್ತೇನೆ. ನಿನ್ನ ಮನೆಗಲ್ಲ, ಆಸ್ಪತ್ರೆಗೆ. ಹಿಂದಲೆ ಬೋಳಿಸುತ್ತಾರಂತೆ. ಮುತ್ತೈದೆಯ ತಲೆ, ವಾರ, ನಕ್ಷತ್ರ ಅಂತ ಅಲ್ಲಿ ರಾಗ ತೆಗೆದರೆ ನಿನ್ನ ಜಡೆಯನ್ನು ನಾನೇ ಕತ್ತರಿಸುತ್ತೇನೆ.

ಗಂಗಲಕ್ಷ್ಮಮ್ಮ


ಆಸ್ಪತ್ರೆ, ಒಂದೇ ಬೆಂಚಿನಿಂದ. ಔಷಧಿ ಚೀಟಿಗಳ ಹಿಂಬದಿಯಲ್ಲಿ
೭ ಫೆಬ್ರವರಿ ೨೦೨೪

ಅತ್ತಿಗೆ, ಬೆಳಗ್ಗೆಯಿಂದ ನೀವು ಏನೂ ತಿಂದಿಲ್ಲ. ಡಬ್ಬಿಯಲ್ಲಿ ಚಿತ್ರಾನ್ನ ಇದೆ. ವಿಷ ಹಾಕಿಲ್ಲ.

ರಾಮಮ್ಮ, ನಿನ್ನ ಚಿತ್ರಾನ್ನ ನೀನೇ ತಿನ್ನು. ಪಕ್ಕದ ಹೆಂಗಸು ನಾವಿಬ್ಬರೂ ಮೂಗಿಯರು ಅಂದುಕೊಂಡು ಕೈಸನ್ನೆಯಲ್ಲಿ ಸಮಾಧಾನ ಹೇಳುತ್ತಿದ್ದಾಳೆ. ನಿನ್ನ ಆಣೆಯಿಂದ ನನಗೆ ಈ ಮರ್ಯಾದೆ.

ಅತ್ತಿಗೆ, ನಾಲ್ಕು ಗಂಟೆ ಸಾಕು ಅಂದಿದ್ದರು. ಒಳಗೆ ಕರೆದುಕೊಂಡು ಹೋಗಿ ಐದೂವರೆ ಗಂಟೆಯಾಯಿತು. ನೀವು ದೇವರ ನಾಮ ಗೊಣಗುವಾಗ ಎರಡನೇ ಸಾಲು ಬಿಡುತ್ತಿದ್ದೀರಿ.

ರಾಮಮ್ಮ, ಬಿಟ್ಟ ಸಾಲನ್ನು ನೀನು ಮನಸ್ಸಿನಲ್ಲಿ ಹೇಳಿಕೋ. ಇಬ್ಬರದೂ ಸೇರಿ ಒಂದಾಗಲಿ.

ಅತ್ತಿಗೆ, ಬಾಗಿಲು ತೆಗೆದರು.


ಮಲ್ಲತ್ತಹಳ್ಳಿ
೩ ಮಾರ್ಚ್ ೨೦೨೪

ಅತ್ತಿಗೆ,

ನೀವು ಊರಿಗೆ ಹೋದ ಮೇಲೆ ನಡೆದದ್ದನ್ನು ಬರೆಯಲೇಬೇಕು. ಶಶಿ ಹೇಳುವುದಿಲ್ಲ, ಬಿಂದು ನಿಮ್ಮ ಫೋನು ಎತ್ತುವುದಿಲ್ಲ.

ಹೊಲಿಗೆ ಬಿಚ್ಚಿದರು. ಈಗ ನೇರ ನಡೆಯುತ್ತಾಳೆ. ನೀರು ಗಂಟಲಲ್ಲಿ ಇಳಿಯುತ್ತದೆ. ಕೈಗೆ ಬಿಸಿ ಇನ್ನೂ ತಿಳಿಯುವುದಿಲ್ಲ, ತಿಳಿಯದೆಯೂ ಇರಬಹುದು. ಒಲೆಯ ಹತ್ತಿರ ಹೋಗುವಾಗ ಕಣ್ಣಿನಿಂದಲೇ ನೋಡಿಕೊಳ್ಳಬೇಕು ಅಂದಿದ್ದಾರೆ.

ಆಸ್ಪತ್ರೆಯಿಂದ ಬಿಡುವ ದಿನ ಅವಳ ಹತ್ತಿರ ನಾನೊಬ್ಬಳೇ ಇದ್ದೆ. ಡಾಕ್ಟರ ಫೈಲಿಗೆ ಅಂತ ಶಶಿ ನಿಮ್ಮ ಹತ್ತಿರ ಉಳಿದಿದ್ದ ನನ್ನ ಕಾಗದಗಳನ್ನೂ ಆಸ್ಪತ್ರೆಯಲ್ಲಿ ಇಸಿದುಕೊಂಡು, ಎಲ್ಲ ಸೇರಿಸಿಟ್ಟಿದ್ದ. ಕುತ್ತಿಗೆಗೆ ಪಟ್ಟಿ ಹಾಕಿಕೊಂಡೇ ಕೂತು ಅಷ್ಟನ್ನೂ ಓದಿದ್ದಾಳೆ. ನಾನು ಎಳನೀರು ಹಿಡಿದುಕೊಂಡು ಹೋದರೆ ಫೈಲನ್ನು ನನ್ನ ತೊಡೆಯ ಮೇಲಿಟ್ಟಳು.

"ಅತ್ತೆ, ನೀವೂ ಅಮ್ಮನೂ ಇಷ್ಟೊಂದು ಬರ್ದಿದೀರಲ್ಲ. ಬಿಂದು, ನಿಂಗೆ ಎಲ್ಲಿ ನೋಯುತ್ತೆ, ಯಾವಾಗ್ಲಿಂದ ನೋಯುತ್ತೆ ಅಂತ ನನ್ನ ಕೇಳಿದ್ದು ಒಂದು ಸಾಲು ಎಲ್ಲಿದೆ, ತೋರ್ಸಿ."

ಕನ್ನಡಕ ಹಾಕಿಕೊಂಡು ಹುಡುಕಿದೆ. ಎರಡು ಸಲ ಹುಡುಕಿದೆ, ನಿಮ್ಮದರಲ್ಲೂ ನನ್ನದರಲ್ಲೂ. ಇಲ್ಲ ಅತ್ತಿಗೆ.

"ಅಮ್ಮ ಆ ಚೀಟಿ ಟ್ರಂಕಿನಲ್ಲಿಟ್ಟಾಗ ನಾನು ಬಾಗ್ಲ ಸಂದೀಲಿ ನೋಡ್ತಿದ್ದೆ. ಯಾರಿಗೂ ಹೇಳ್ಬಾರ್ದು ಅಂತ ಆವತ್ತೇ ಗೊತ್ತಾಯ್ತು. ಹೇಳ್ಲಿಲ್ಲ" ಅಂದಳು. ನಾನು ಹೋದ ಜೀವ ಬಂದ ಹಾಗೆ, "ನಾನು ಹಾಗೆ ಬಚ್ಚಿಡ್ತಿರ್ಲಿಲ್ಲ ಕಣಮ್ಮ, ನಿಂಗೆ ಸುಟ್ಟಿದ್ದು ಗೊತ್ತಾಗಲ್ಲ ಅಂತ ನಂಗೆ ಗೊತ್ತಿದ್ದಿದ್ರೆ" ಅಂತ ಶುರುಮಾಡಿದೆ. ಪೂರ್ತಿ ಹೇಳಲು ಬಿಡಲಿಲ್ಲ.

"ಸುಟ್ಟಿದ್ದು ಗೊತ್ತಾಗ್ಲಿಲ್ಲ, ನಿಜ. ನೀವು ಹಚ್ಚಿದ್ದು ಗೊತ್ತಾಯ್ತಲ್ಲ ಅತ್ತೆ."

ದನಿ ಏರಿಸಲಿಲ್ಲ. ಎಳನೀರು ಇಸಿದುಕೊಂಡು ಕುಡಿದಳು. ಲೋಟ ಕೆಳಗಿಟ್ಟು, "ಥ್ಯಾಂಕ್ಸ್" ಅಂದಳು, ಪರಸ್ಥಳದವರಿಗೆ ಅನ್ನುವ ಹಾಗೆ.

ಮನೆಗೆ ಬರಲಿಲ್ಲ. ನಿಮ್ಮ ಕಡೆಗೂ ಬರುವುದಿಲ್ಲ. ಉಲ್ಲಾಳದಲ್ಲಿ ಮನೆ ನೋಡಿಕೊಂಡಿದ್ದಾರೆ. ಶಶಿ ಹೆಗ್ಗನಹಳ್ಳಿಯ ಕಾರ್ಖಾನೆಗೆ ಅಲ್ಲಿಂದಲೇ ಓಡಾಡುತ್ತಾನೆ. ವಿಳಾಸ ನನಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲವಂತೆ. ಕರೆಯಬೇಕು ಅನ್ನಿಸಿದಾಗ ಕರೆಯುತ್ತಾಳಂತೆ. ಒಬ್ಬೊಬ್ಬರನ್ನೇ, ಇಬ್ಬರನ್ನೂ ಸೇರಿಸಿ ಅಲ್ಲ. ಇಲ್ಲಿಂದ ಉಲ್ಲಾಳ ಎಷ್ಟು ದೂರ, ನಡೆದೇ ಹೋಗಬಹುದು. ಹೋಗಿ ಬೀದಿ ಬೀದಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಎರಡು ಸಲ ಚಪ್ಪಲಿ ಮೆಟ್ಟಿದೆ. ಹೋಗಲಿಲ್ಲ.

ನಿಮ್ಮ ಮೇಲಿನ ಸಿಟ್ಟು ನನಗೆ ಇಳಿದಿಲ್ಲ. ನಿಮಗೂ ಇಳಿದಿರುವುದಿಲ್ಲ, ಇಳಿಸಿಕೊಳ್ಳಿ ಅಂತ ನಾನು ಕೇಳುವುದೂ ಇಲ್ಲ. ಅವಳು ಮೊದಲು ತಾಯಿಯನ್ನೇ ಕರೆಯುತ್ತಾಳೆ ಅಂತ ನನಗನ್ನಿಸುತ್ತದೆ. ಕರೆದ ದಿನ ತಡಮಾಡದೆ ಹೋಗಿ. ಬಂದ ಮೇಲೆ ಒಂದು ಕಾಗದ ಹಾಕಿ. ನಿನ್ನನ್ನಲ್ಲ, ನನ್ನನ್ನು ಕರೆದಳು ಅಂತ ಜಂಬ ಕೊಚ್ಚಿ ಬರೆಯಿರಿ, ಬೇಕಾದಷ್ಟು ಬೈದು ಬರೆಯಿರಿ. ಕೊನೆಯಲ್ಲಿ ಒಂದು ಸಾಲು, ಅವಳು ಹೇಗಿದ್ದಾಳೆ ಅಂತ. ಅವಳನ್ನೇ ಕೇಳಿ ಬರೆಯಿರಿ.

ರಾಮಮ್ಮ